ಅಮೆರಿಕದ ಅಧ್ಯಕ್ಷರ ಸಹಿ, ನಮ್ಮ ಹಾಲಿನ ಕ್ಯಾನು



ನಾಳೆ ಬೆಳಿಗ್ಗೆ ನೀವು ಕ್ಯಾನು ಹಿಡಿದು ಡೇರಿಗೆ ಹೋದಾಗ, "ಮುಂದಿನ ತಿಂಗಳಿಂದ ನಿಮ್ಮ ಹಾಲು ಬೇಡ" ಎಂಬ ಚೀಟಿ ಕೈಗಿಟ್ಟರೆ ಏನು ಮಾಡುತ್ತೀರಿ? 2017ರ ಏಪ್ರಿಲ್‌ನಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸುಮಾರು 75 ಹೈನುಗಾರ ಕುಟುಂಬಗಳಿಗೆ ಇಂಥದೇ ಪತ್ರ ಬಂತು. ಮೇ 1ರಿಂದ ಹಾಲು ಕೊಳ್ಳುವುದಿಲ್ಲ ಎಂದು ಖಾಸಗಿ ಕಂಪನಿ ತಿಳಿಸಿತ್ತು. ಪಕ್ಕದ ಕೆನಡಾ ದೇಶ ತನ್ನ ಹಾಲಿನ ದರದ ನಿಯಮ ಬದಲಿಸಿದ್ದರಿಂದ ಅಲ್ಲಿಗೆ ಹೋಗುತ್ತಿದ್ದ ಸರಕು ನಿಂತಿದೆ ಎಂಬುದು ಅದು ಕೊಟ್ಟ ಕಾರಣ. ಪತ್ರ ಬಂತೆಂದು ಹಸು ಹಾಲು ಕೊಡುವುದನ್ನು ನಿಲ್ಲಿಸುತ್ತದೆಯೇ? ಹೆಚ್ಚಿನವರು ಓಡಾಡಿ ಬೇರೆ ಕೊಳ್ಳುವವರನ್ನು ಹುಡುಕಿಕೊಂಡರು. ಆ ಒಂದು ತಿಂಗಳು ಅವರು ಹೇಗೆ ಕಳೆದಿರಬೇಕೆಂದು ನಿಮಗೆ ಹೇಳಬೇಕಾಗಿಲ್ಲ.

ಅದೇ ತಿಂಗಳು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ವಿಸ್ಕಾನ್ಸಿನ್‌ಗೆ ಬಂದು, ಹೈನುಗಾರರ ಪರ ನಿಲ್ಲುವುದಾಗಿ ಮಾತು ಕೊಟ್ಟರು. ಆ ರಾಜ್ಯದ ವಾಹನಗಳ ನಂಬರ್ ಪ್ಲೇಟ್ ಮೇಲೆಯೇ 'ಅಮೆರಿಕದ ಹೈನುನಾಡು' ಎಂದು ಬರೆದಿರುತ್ತದೆ. 2016, 2020, 2024ರ ಮೂರೂ ಚುನಾವಣೆಗಳಲ್ಲಿ ಅಲ್ಲಿ ಗೆಲುವಿನ ಅಂತರ ಶೇ. 1ಕ್ಕಿಂತ ಕಡಿಮೆ. ಹಾಲಿನ ಮಾತು ಅಧ್ಯಕ್ಷರ ಬಾಯಲ್ಲಿ ಬರುವುದಕ್ಕೆ ಇದೂ ಒಂದು ಕಾರಣ.

ಉಕ್ಕಿನ ಜಗಳ, ಹಾಲಿಗೆ ದಂಡ

ಸುಂಕ ಎಂದರೆ ಹೊರದೇಶದ ಸರಕು ಗಡಿ ದಾಟಿ ಒಳಬರುವಾಗ ಹಾಕುವ ತೆರಿಗೆ. 2018ರಲ್ಲಿ ಟ್ರಂಪ್ ಆಮದು ಉಕ್ಕಿಗೆ ಶೇ. 25, ಅಲ್ಯೂಮಿನಿಯಂಗೆ ಶೇ. 10 ಸುಂಕ ಹಾಕಿದರು. ಮೆಕ್ಸಿಕೊ ಸುಮ್ಮನಿರಲಿಲ್ಲ. ಅದು ಅಮೆರಿಕದ ಚೀಸ್ ಕೊಳ್ಳುವ ದೊಡ್ಡ ಗಿರಾಕಿ. ಆ ಚೀಸ್‌ಗೇ ಶೇ. 25ರವರೆಗೆ ಸುಂಕ ಹಾಕಿತು. ಚೀನಾದ ಜೊತೆ ಬೇರೆ ಸುಂಕದ ಜಗಳ ಎದ್ದಾಗ ಅದು ಕೂಡ ಅಮೆರಿಕದ ಹಾಲಿನ ಉತ್ಪನ್ನಗಳ ಮೇಲೆ ಸುಂಕ ಏರಿಸಿತು. ಜಗಳ ಶುರುವಾದದ್ದು ಉಕ್ಕಿನಿಂದ, ಪೆಟ್ಟು ಬಿದ್ದದ್ದು ಕೊಟ್ಟಿಗೆಗೆ.

ನಷ್ಟ ತುಂಬಲು ಸರ್ಕಾರ ರೈತರಿಗೆಲ್ಲ ಸೇರಿ 1,200 ಕೋಟಿ ಡಾಲರ್‌ವರೆಗಿನ ಪರಿಹಾರ ಘೋಷಿಸಿತು. ಕೇಳಲು ದೊಡ್ಡ ಮೊತ್ತ. ಹಾಲಿಗೆ ಸಿಕ್ಕಿದ್ದೆಷ್ಟು? ಆ ವರ್ಷ 100 ಪೌಂಡ್‌ಗೆ, ಅಂದರೆ ಸುಮಾರು 45 ಕಿಲೋ ಹಾಲಿಗೆ, 12 ಸೆಂಟ್. ಅಂದಿನ ಡಾಲರ್ ಬೆಲೆಯಲ್ಲಿ ಲೀಟರಿಗೆ 20 ಪೈಸೆಯೂ ಆಗುವುದಿಲ್ಲ.

ಮುಂದೆ ಅಮೆರಿಕ, ಮೆಕ್ಸಿಕೊ, ಕೆನಡಾ ಸೇರಿ ಹೊಸ ಒಪ್ಪಂದಕ್ಕೆ ಸಹಿ ಹಾಕಿದವು. 2020ರ ಜುಲೈ 1ರಂದು ಅದು ಜಾರಿಗೆ ಬಂದು, ಕೆನಡಾ ತನ್ನ ಹಾಲಿನ ಮಾರುಕಟ್ಟೆಯ ಒಂದು ಸಣ್ಣ ಪಾಲನ್ನು ತೆರೆಯಿತು. 2021ರಲ್ಲಿ ಬೇರೆ ಪಕ್ಷದ ಜೋ ಬೈಡನ್ ಅಧ್ಯಕ್ಷರಾದರು. ಅವರೂ ಅದೇ ವರ್ಷ ಮೇ ತಿಂಗಳಲ್ಲಿ ಕೆನಡಾ ಮೇಲೆ ಹಾಲಿನ ವಿಷಯಕ್ಕೇ ದೂರು ಕೊಟ್ಟರು. ಮೊದಲ ದೂರಿನಲ್ಲಿ ಅಮೆರಿಕ ಗೆದ್ದಿತು, 2023ರಲ್ಲಿ ಎರಡನೆಯದರಲ್ಲಿ ಸೋತಿತು. ಅಧ್ಯಕ್ಷರು ಬದಲಾದರೂ ಹಾಲಿನ ಜಗಳ ಮುಂದುವರಿಯಿತು.

ದರವಲ್ಲ, ಉಳಿಯುವುದೆಷ್ಟು?

ಅವರಿಂದ ಕಲಿಯಬಹುದಾದ ಒಂದು ಲೆಕ್ಕವಿದೆ. 2018ರ ಡಿಸೆಂಬರ್‌ನಲ್ಲಿ ಟ್ರಂಪ್ ಸಹಿ ಹಾಕಿದ ಕೃಷಿ ಕಾಯ್ದೆಯಲ್ಲಿ ಹೈನುಗಾರರಿಗೊಂದು ವಿಮೆ ಇದೆ. ಅದು ಹಾಲಿನ ದರವನ್ನಷ್ಟೇ ನೋಡುವುದಿಲ್ಲ. ಜೋಳ, ಸೋಯಾ ಹಿಂಡಿ, ಒಣಮೇವಿನ ಬೆಲೆಯನ್ನು ಹಾಲಿನ ದರದಿಂದ ಕಳೆಯುತ್ತದೆ. ಉಳಿಕೆ ನಿಗದಿತ ಮಟ್ಟಕ್ಕಿಂತ ಕೆಳಗಿಳಿದ ತಿಂಗಳು, ವಿಮೆ ಕಟ್ಟಿದವರಿಗೆ ಕೊರತೆಯ ಹಣ ಬರುತ್ತದೆ. ನಮ್ಮ ರಾಜ್ಯದಲ್ಲಿ ಸರ್ಕಾರ ಕೊಡುವ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಬೂಸಾ, ಹಿಂಡಿಯ ಬೆಲೆ ಏರಿದಾಗಲೂ ಅಷ್ಟೇ, ಇಳಿದಾಗಲೂ ಅಷ್ಟೇ. ಎರಡೂ ಸಹಾಯವೇ, ಆದರೆ ಲೆಕ್ಕ ಬೇರೆ.

ಇಷ್ಟಾದರೂ ಅಲ್ಲಿ ಸಣ್ಣವರು ಉಳಿಯಲಿಲ್ಲ. 2003ರಲ್ಲಿ ಅಮೆರಿಕದಲ್ಲಿ ಪರವಾನಗಿ ಪಡೆದ ಹೈನು ಫಾರಂಗಳು ಸುಮಾರು 70 ಸಾವಿರ ಇದ್ದವು. 2024ರಲ್ಲಿ ಸುಮಾರು 25 ಸಾವಿರ. ಹಾಲು ಮಾತ್ರ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಉಳಿದವರು ನೂರಾರು, ಸಾವಿರಾರು ಹಸು ಕಟ್ಟಿದವರು. ಅಮೆರಿಕದಲ್ಲಿ ದೊಡ್ಡವರು ಇನ್ನೂ ದೊಡ್ಡವರಾಗುತ್ತಾರೆ, ಸಣ್ಣವರು ಹೊರಗೆ ಹೋಗುತ್ತಾರೆ ಎಂದು ಅಂದಿನ ಕೃಷಿ ಕಾರ್ಯದರ್ಶಿ ಸನ್ನಿ ಪರ್ಡ್ಯೂ 2019ರಲ್ಲಿ ವಿಸ್ಕಾನ್ಸಿನ್‌ನಲ್ಲೇ ನಿಂತು ಹೇಳಿದ್ದರು.

ಇದರಲ್ಲಿ ನಮ್ಮ ಪಾಲೇನು?

ಅಲ್ಲಿ ಹೆಚ್ಚಾದ ಹಾಲಿಗೆ ಮಾರುಕಟ್ಟೆ ಬೇಕು. ಭಾರತದಷ್ಟು ಹಾಲು ಕುಡಿಯುವ ದೇಶ ಬೇರಿಲ್ಲ. ನಮ್ಮ ಗಡಿಯಲ್ಲಿ ಎರಡು ಬೇಲಿಗಳಿವೆ. ಒಂದು ಸುಂಕ: ಚೀಸ್‌ಗೆ ಶೇ. 30, ಬೆಣ್ಣೆಗೆ ಶೇ. 40, ಹಾಲಿನ ಪುಡಿಗೆ ಶೇ. 60. ಇನ್ನೊಂದು ಪ್ರಮಾಣಪತ್ರ: ಹಾಲು ಕೊಟ್ಟ ಹಸುವಿಗೆ ದನಕರುಗಳ ರಕ್ತ, ಮಾಂಸ, ಒಳಾಂಗಗಳಿಂದ ಮಾಡಿದ ಆಹಾರ ತಿನ್ನಿಸಿಲ್ಲ ಎಂದು ಬರೆದುಕೊಡಬೇಕು. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂಬುದು ಅಮೆರಿಕದ ವಾದ. ಇದು ನಮ್ಮ ಜನರ ನಂಬಿಕೆಯ ವಿಷಯ ಎಂಬುದು ಭಾರತದ ಉತ್ತರ.

ಅಮೆರಿಕದ ಹಾಲು ಉದ್ಯಮ ಇದರ ಮೇಲೆ ದೂರು ಕೊಟ್ಟಿತ್ತು. 2019ರ ಜೂನ್ 5ರಂದು ಟ್ರಂಪ್ ಸರ್ಕಾರ ಭಾರತದ ಕೆಲವು ಸರಕುಗಳಿಗಿದ್ದ ಸುಂಕ ವಿನಾಯಿತಿ ತೆಗೆದಾಗ ಅದೂ ಒಂದು ಕಾರಣವಾಯಿತು. ಟ್ರಂಪ್ ಮತ್ತೆ ಅಧ್ಯಕ್ಷರಾದ ಮೇಲೆ, 2025ರ ಆಗಸ್ಟ್‌ನಲ್ಲಿ, ನಮ್ಮ ಅನೇಕ ಸರಕುಗಳ ಮೇಲೆ ಮೊದಲು ಶೇ. 25, ಬಳಿಕ ರಷ್ಯಾದ ತೈಲ ಕೊಳ್ಳುವ ಕಾರಣಕ್ಕೆ ಇನ್ನೂ ಶೇ. 25, ಒಟ್ಟು ಶೇ. 50 ಸುಂಕ ಬಿತ್ತು. ವ್ಯಾಪಾರ ಮಾತುಕತೆಯಲ್ಲಿ ಕೃಷಿ ಮತ್ತು ಹಾಲು ದೊಡ್ಡ ತೊಡಕಾಗಿದ್ದವು. ರೈತರು, ಹೈನುಗಾರರು, ಮೀನುಗಾರರ ಹಿತದಲ್ಲಿ ರಾಜಿ ಇಲ್ಲ ಎಂದು ಪ್ರಧಾನಿ ನರೇಂದ್ರ ಮೋದಿ ಅದೇ ತಿಂಗಳು ಹೇಳಿದರು.

ಆದರೆ ಆ ಶೇ. 50 ಸುಂಕದ ಬಿಸಿ ತಟ್ಟಿದ್ದು ಸಿದ್ಧ ಉಡುಪು, ಸೀಗಡಿಯಂಥ ರಫ್ತಿಗೆ. ಮನೆಯಲ್ಲಿ ನೀವು ಹಾಲು ಕರೆದು, ಮಗಳು ಗಾರ್ಮೆಂಟ್ಸ್‌ಗೆ ಹೋಗುವವಳಾದರೆ, ಈ ಮಾತುಕತೆಯ ಎರಡೂ ತುದಿ ನಿಮ್ಮ ಮನೆಯಲ್ಲೇ ಇವೆ.

ನಾವು ಮಾಡಬಹುದಾದದ್ದು

ಅಮೆರಿಕದ ಸಹಿಯನ್ನು ನಾವು ತಡೆಯಲಾರೆವು. ನಮ್ಮ ಕೈಲಿರುವುದನ್ನು ಮಾಡೋಣ. ಪ್ರತಿ ಬಟವಾಡೆಯ ದಿನ ಹಿಂಡಿ, ಬೂಸಾ, ಮೇವಿನ ಖರ್ಚು ಬರೆದಿಟ್ಟು, ಲೀಟರಿಗೆ ಉಳಿದದ್ದೆಷ್ಟು ಎಂದು ನೋಡಿ. ಮನೆಯಲ್ಲಿ ಬೆಳೆದ ಹಸಿಮೇವಿಗೂ ಬೆಲೆ ಹಾಕಿ. ಆ ಲೆಕ್ಕ ಹಿಡಿದು ಸಂಘದ ಸರ್ವಸದಸ್ಯರ ಸಭೆಗೆ ಬನ್ನಿ, ದರದ ಮಾತು ಬಂದಾಗ ಎದ್ದು ಹೇಳಿ. ವಿಸ್ಕಾನ್ಸಿನ್‌ನ ಆ 75 ಕುಟುಂಬಗಳು ಹಾಲು ಹಾಕುತ್ತಿದ್ದದ್ದು ಒಂದು ಕಂಪನಿಗೆ. ಅಲ್ಲಿ ಅವರಿಗೆ ಮತವಿರಲಿಲ್ಲ. ನೀವು ಹಾಲು ಹಾಕುವುದು ನಿಮ್ಮದೇ ಸಂಘಕ್ಕೆ. ಇಲ್ಲಿ ಎರಡು ಹಸು ಇದ್ದವರಿಗೂ ಒಂದು ಮತ, ಇಪ್ಪತ್ತು ಇದ್ದವರಿಗೂ ಒಂದೇ ಮತ.