ಹವ್ಯಾಸಿ ಚಿತ್ರಕಾರ ಮತ್ತು ಕಲಾಸಂಗ್ರಹಾಲಯ

ಕಚೇರಿಯ ದುಡಿಮೆಯ ನಡುವೆ, ರಜಾದಿನಗಳಲ್ಲಿ ಕುಂಚ ಹಿಡಿಯುವ ಹವ್ಯಾಸಿಗೆ ಕಲಾಸಂಗ್ರಹಾಲಯವು ತವರೂ ಹೌದು, ಪರೀಕ್ಷಾಮಂದಿರವೂ ಹೌದು. ಇತರರು ಚಿತ್ರವನ್ನು ನೋಡಿ, ಮೆಚ್ಚಿ ಮುಂದೆ ಸಾಗುತ್ತಾರೆ. ಆತನಾದರೋ ನೆರಳು ಹೇಗೆ ಮೂಡಿತು, ಬಣ್ಣದ ಮೇಲೆ ಬಣ್ಣ ಹೇಗೆ ಕುಳಿತಿತು ಎಂದು ಹುಡುಕುತ್ತಾನೆ. ಆ ಹುಡುಕಾಟದಲ್ಲಿ ಆನಂದವಿದೆ. ಅದರ ಬೆನ್ನಿಗೇ ‘ಇದು ನನ್ನಿಂದಾಗದು’ ಎಂಬ ಅಳುಕೂ ಇದೆ.

ದೆಹಲಿಯ ಜೈಪುರ ಹೌಸಿನಲ್ಲಿ 1954ರಲ್ಲಿ ಆರಂಭವಾದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯನ್ನೇ ನೋಡಬಹುದು. ಅದರ ಸಂಗ್ರಹದಲ್ಲಿ ಅಮೃತಾ ಶೇರ್‌ಗಿಲ್ ಅವರ ಶ್ರೇಷ್ಠ ಕೃತಿಗಳಿವೆ. 1941ರಲ್ಲಿ ನಿಧನರಾದಾಗ ಅವರಿಗೆ ಕೇವಲ 28 ವರ್ಷ. ನಲವತ್ತು ದಾಟಿದ ಹವ್ಯಾಸಿಯು ಈ ಲೆಕ್ಕ ಹಾಕಿದನೆಂದರೆ ಎದೆ ಭಾರವಾಗುವುದು ಸಹಜ. ಮನೆಗೆ ಮರಳಿ ಕುಂಚವನ್ನು ಮೂಲೆಗಿಡುವವರೂ ಉಂಟು.

ಆದರೆ ಅದೇ ಸಂಗ್ರಹದಲ್ಲಿ ರವೀಂದ್ರನಾಥ ಠಾಕೂರರ ಚಿತ್ರಗಳೂ ಇವೆ. ಕಲಾಶಾಲೆಯಲ್ಲಿ ಕಲಿಯದ ಈ ಕವಿ ಚಿತ್ರಕಲೆಯಲ್ಲಿ ಗಾಢವಾಗಿ ತೊಡಗಿದ್ದು ಅರವತ್ತು ದಾಟಿದ ಮೇಲೆ. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳೇ ಅವರ ಕೈಯಲ್ಲಿ ಆಕೃತಿಗಳಾದವು. 1930ರಲ್ಲಿ ಪ್ಯಾರಿಸಿನಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆದಾಗ ಅವರು ಎಪ್ಪತ್ತರ ಸಮೀಪದಲ್ಲಿದ್ದರು. ಅವರ ಪ್ರತಿಭೆ ಎಲ್ಲರಿಗೂ ದಕ್ಕದು, ನಿಜ. ತಡವಾಗಿಯಾದರೂ ಆರಂಭಿಸುವ ಧೈರ್ಯ ಮಾತ್ರ ಯಾರಿಗೂ ದಕ್ಕೀತು.

ಆದ್ದರಿಂದ ಒಂದೇ ಭೇಟಿಯಲ್ಲಿ ಎಲ್ಲ ಕೋಣೆಗಳನ್ನೂ ಸುತ್ತಿ ದಣಿಯುವುದಕ್ಕಿಂತ, ಒಂದೆರಡು ಚಿತ್ರಗಳ ಮುಂದೆ ಸಾವಧಾನವಾಗಿ ನಿಂತು, ಅಂದೇ ಸಂಜೆ ಮನೆಯಲ್ಲಿ ನಾಲ್ಕು ಗೆರೆ ಎಳೆಯುವುದು ಲೇಸು. ದಿನದ ದಣಿವನ್ನು ಕಳೆದು ಮನಸ್ಸಿಗೆ ನೆಮ್ಮದಿ ನೀಡುವ ಹವ್ಯಾಸವು ಹೋಲಿಕೆಯ ಬೇಗೆಯಲ್ಲಿ ಬಾಡಬಾರದು.