ಜಗಲಿಯ ಮೇಲೆ ಜೋಡಾಟ

ಕಾಗಾಲದ ನಮ್ಮ ತವರುಮನೆಯಲ್ಲಿ ಒಂದು ಸ್ಟೀಲಿನ ಹರಿವಾಣ ಇದೆ. ಅದರ ತಳ ಎರಡು ಕಡೆ ನಗ್ಗಿದೆ. ಒಂದು ನಗ್ಗು ಬೆಂಗಳೂರು ತಂಡದ್ದು, ಇನ್ನೊಂದು ಚೆನ್ನೈ ತಂಡದ್ದು. ಎರಡಕ್ಕೂ ನಡುವೆ ಇರುವ ಅಂತರ ನಾಲ್ಕೇ ದಿನ.

ಕುಮಟಾ ಪೇಟೆಯಲ್ಲಿ ಮನೆ ಮಾಡಿಕೊಂಡಿರುವ ನಾನು ಮೇ ತಿಂಗಳಲ್ಲಿ ತವರಿಗೆ ಹೋಗಿ ಕೂರುತ್ತೇನೆ. ಹಲಸಿನಕಾಯಿ ಹಪ್ಪಳ, ಮಾವಿನಕಾಯಿ ಉಪ್ಪಿನಕಾಯಿ, ಮುರುಗಲು ಸಿಪ್ಪೆ ಒಣಗಿಸುವುದು ಎಲ್ಲ ಮಳೆ ಬರುವುದರೊಳಗೆ ಆಗಬೇಕು. ಮದರಾಸಿನ ತಂಗಿಯೂ ಮಗಳನ್ನು ಕಟ್ಟಿಕೊಂಡು ಮಂಗಳೂರಿನ ಮೇಲೆ ರೈಲು ಹಿಡಿದು ಬರುತ್ತಾಳೆ. ಅವಳ ಗಂಡ ಹುಟ್ಟಿದ್ದು ನಮ್ಮ ಕಡೆಯೇ, ಬೆಳೆದದ್ದು ಚೆನ್ನೈಯಲ್ಲಿ. ಮಗಳಂತೂ ಅಲ್ಲಿಯೇ ಹುಟ್ಟಿದವಳು, ನಮ್ಮೊಡನೆ ಕನ್ನಡ, ಗೆಳತಿಯರೊಡನೆ ತಮಿಳು, ಸಿಟ್ಟು ಬಂದರೆ ಎರಡೂ. 2024ರ ಮೇಯಲ್ಲಿ ಅವಳಿಗೆ ಹತ್ತು ವರ್ಷ. ಬಂದವಳ ಮೈಮೇಲೆ ಹಳದಿ ಅಂಗಿ, ಬೆನ್ನಿಗೆ ಏಳು ನಂಬರು. ನನ್ನ ಅಣ್ಣನ ಮಗನಿಗೆ ಹದಿನಾಲ್ಕು, ಕೆಂಪು ಅಂಗಿ, ಹದಿನೆಂಟು ನಂಬರು. ನಮ್ಮ ಆಯಿಯ ಲೆಕ್ಕದಲ್ಲಿ ಅವಳು ಅವನನ್ನು 'ಭಾವ' ಎನ್ನಬೇಕು. ಅವಳು ಕರೆಯುವುದು 'ಏ ಆರ್‌ಸಿಬಿ' ಎಂದು.

ಕ್ರಿಕೆಟ್ ನೋಡದವರಿಗಾಗಿ ಎರಡು ಮಾತು. ಐಪಿಎಲ್‌ನಲ್ಲಿ ಹತ್ತು ತಂಡಗಳು ಎರಡು ತಿಂಗಳು ಆಡುತ್ತವೆ. ಕೊನೆಗೆ ಮೇಲಿನ ನಾಲ್ಕು ಮಾತ್ರ ಉಳಿಯುತ್ತವೆ. ಆ ನಾಲ್ವರ ನಡುವಿನ ಆಟವೇ ಪ್ಲೇಆಫ್. ಅಲ್ಲಿಯ ತನಕ ಸೋತರೆ 'ಮುಂದಿನ ಪಂದ್ಯ ನೋಡೋಣ' ಎನ್ನಬಹುದು, ಅಲ್ಲಿಂದಾಚೆ ಮೊದಲ ಎರಡು ಸ್ಥಾನದವರಿಗೆ ಮಾತ್ರ ಸೋತರೂ ಇನ್ನೊಂದು ಅವಕಾಶ, ಉಳಿದಿಬ್ಬರಿಗೆ ಆ ಮಾತು ನಡೆಯುವುದಿಲ್ಲ. ಆ ವರ್ಷ ಬೆಂಗಳೂರು ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತಿತ್ತು. ನಮ್ಮ ಹುಡುಗ ಅಂಗಿಯನ್ನು ಟ್ರಂಕಿಗೆ ಹಾಕಿಬಿಟ್ಟಿದ್ದ. ಆಮೇಲೆ ಒಂದರ ಹಿಂದೆ ಒಂದು ಐದು ಗೆಲುವು. ಅಂಗಿ ಮತ್ತೆ ಹೊರಗೆ ಬಂತು.

ಮೇ 18ರಂದು ಚಿನ್ನಸ್ವಾಮಿ ಮೈದಾನದಲ್ಲಿ ಬೆಂಗಳೂರಿಗೂ ಚೆನ್ನೈಗೂ ಪಂದ್ಯ. ನಾಲ್ಕನೆಯ ಜಾಗ ಒಂದೇ ಉಳಿದಿತ್ತು. ಬೆಂಗಳೂರು 218 ಓಟ ಹೊಡೆಯಿತು. ಚೆನ್ನೈ ಗೆಲ್ಲದಿದ್ದರೂ ನಡೆಯುತ್ತಿತ್ತು, 201 ಮುಟ್ಟಿದರೆ ಸಾಕು, ರನ್ ರೇಟಿನ ಲೆಕ್ಕದಲ್ಲಿ ಜಾಗ ಅವರದ್ದೇ. ಜಗಲಿಯ ಒಂದು ತುದಿಯಲ್ಲಿ ಹಳದಿ, ಇನ್ನೊಂದು ತುದಿಯಲ್ಲಿ ಕೆಂಪು, ನಡುವೆ ಹಪ್ಪಳದ ಹಿಟ್ಟು ಕುಟ್ಟಿ ಸುಸ್ತಾದ ನಾವು. ಕೊನೆಯ ಓವರಿನಲ್ಲಿ ಚೆನ್ನೈಗೆ ಹದಿನೇಳು ಬೇಕು. ಯಶ್ ದಯಾಳ್ ಎಸೆದ ಮೊದಲ ಚೆಂಡನ್ನೇ ಧೋನಿ ಮೈದಾನದಾಚೆ ಕಳಿಸಿದರು, 110 ಮೀಟರ್ ದೂರ. ಹುಡುಗಿ ಕುರ್ಚಿಯ ಮೇಲೆ ಹತ್ತಿ ನಿಂತಳು. ಇನ್ನು ಐದು ಚೆಂಡಿಗೆ ಹನ್ನೊಂದು.

ಅಷ್ಟರಲ್ಲಿ ಕರೆಂಟು ಹೋಯಿತು.

ಮೇ ಕೊನೆಯ ಗುಡುಗು-ಮಿಂಚಿಗೆ ನಮ್ಮೂರಲ್ಲಿ ಇದು ಹೊಸದಲ್ಲ. ಮೊಬೈಲಿನಲ್ಲಿ ನೋಡೋಣವೆಂದರೆ ಸಿಗ್ನಲ್ಲಿಗೆ ಹಿತ್ತಲ ಬೇಣದ ತನಕ ಹೋಗಬೇಕು. ಕತ್ತಲಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಕೂತೆವು. ಆಚೆ ಮನೆಯಲ್ಲಿ ಇನ್ವರ್ಟರ್ ಇದೆ. ಅಲ್ಲಿಂದ ಒಂದು ಕೂಗು ಬಂತು. ಸ್ವಲ್ಪ ಹೊತ್ತಿಗೆ ಇನ್ನೂ ದೊಡ್ಡ ಕೂಗು. ಯಾರೂ ಏನೂ ಹೇಳಬೇಕಾಗಿರಲಿಲ್ಲ. ಕಾಗಾಲದಲ್ಲಿ ಚೆನ್ನೈಗಾಗಿ ಹಾಗೆ ಕೂಗುವ ಮನೆ ಬೇರೆ ಯಾವುದಿದೆ? ಎರಡನೆಯ ಚೆಂಡಿಗೇ ಧೋನಿ ಔಟಾಗಿದ್ದರು, ಚೆನ್ನೈ 191ಕ್ಕೆ ನಿಂತಿತ್ತು. ಹುಡುಗ ಒಳಗೆ ಓಡಿ, ತಡವರಿಸಿ ಹರಿವಾಣವನ್ನೂ ಸೌಟನ್ನೂ ಹುಡುಕಿ ತಂದು, ಅಂಗಳದಲ್ಲಿ ನಿಂತು ಬಡಿದ. ಮೊದಲ ನಗ್ಗು ಅದು.

ಕರೆಂಟು ಬಂದಾಗ ಹುಡುಗಿ ಜಗಲಿಯಲ್ಲಿ ಇರಲಿಲ್ಲ. ಅಡುಗೆ ಕೋಣೆಯ ಮೂಲೆಯಲ್ಲಿ ಹಲಸಿನಹಣ್ಣಿನ ಬುಟ್ಟಿಯ ಹಿಂದೆ ಕೂತಿದ್ದಳು. ಅತ್ತದ್ದು ಸೋತದ್ದಕ್ಕಲ್ಲವಂತೆ. "ಇಲ್ಲಿ ನಂಗೆ ಯಾರೂ ಇಲ್ಲ ದೊಡ್ಡಾಯಿ" ಎಂದಳು. ಅಜ್ಜನ ಮನೆಯಲ್ಲಿ ಕೂತು ಹೀಗೆ ಹೇಳಿದಳಲ್ಲ ಎಂದು ನನಗೆ ಚುರುಕ್ ಎಂದಿತು.

ಇಲ್ಲಿ ನಮ್ಮ ಅಪ್ಪನ ವಿಷಯ ಹೇಳಬೇಕು. ಅವರಿಗೆ ಎಂಬತ್ತು ದಾಟಿದೆ. ಕ್ರಿಕೆಟ್ ಅರ್ಥವಾಗುವುದಿಲ್ಲ, ಆದರೆ ಪಕ್ಷ ಕಟ್ಟುವುದು ಚೆನ್ನಾಗಿ ಅರ್ಥವಾಗುತ್ತದೆ. ಅವರು ಚಿಟ್ಟಾಣಿ ಪಕ್ಷ. ನಮ್ಮ ಸೋದರಮಾವ ಕೆರೆಮನೆ ಪಕ್ಷ. ಹೊನ್ನಾವರ, ಕುಮಟಾ ಕಡೆಯ ಹಳಬರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಡೆ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ, ಕೀಚಕ, ದುಷ್ಟಬುದ್ಧಿ, ಆ ಕಣ್ಣು, ಆ ಹೆಜ್ಜೆಯ ಬೀಸು. ಇನ್ನೊಂದು ಕಡೆ 1934ರಲ್ಲಿ ಶಿವರಾಮ ಹೆಗಡೆಯವರು ಕಟ್ಟಿದ ಕೆರೆಮನೆ ಮೇಳ, ಶಂಭು ಹೆಗಡೆಯವರ ತೂಕದ ಮಾತು, ಅಳತೆ ಮೀರದ ಅಭಿನಯ. ಅಪ್ಪ ಮತ್ತು ಮಾವ ಒಂದೇ ಸೂಡಿಯ ಬೆಳಕಿನಲ್ಲಿ ಮೈಲಿಗಟ್ಟಲೆ ನಡೆದು ಆಟಕ್ಕೆ ಹೋಗುತ್ತಿದ್ದರು. ಬೆಳಗಿನ ಜಾವ ಹಿಂದಿರುಗುವಾಗ ದಾರಿಯುದ್ದ ಜಗಳ. ಒಮ್ಮೆ ಮಾವ ಸಿಟ್ಟಿಗೆ ಗದ್ದೆಯ ಅಂಚು ಬಿಟ್ಟು ಕೆಸರಿಗಿಳಿದು ಬೇರೆ ದಾರಿ ಹಿಡಿದರಂತೆ. ಸೂಡಿ ಅಪ್ಪನ ಕೈಲಿತ್ತು. ಅಪ್ಪ ಅಂಚಿನ ಮೇಲೇ ನಿಂತು, ಮಾವ ದಾಟುವ ತನಕ ಸೂಡಿ ಬೀಸುತ್ತ ಬೆಳಕು ತೋರಿಸಿದರಂತೆ. ಬೈಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಎಲ್ಲಕ್ಕಿಂತ ದೊಡ್ಡ ಪೈಪೋಟಿ ಜೋಡಾಟ. ಒಂದೇ ಬಯಲಿನಲ್ಲಿ ಅಕ್ಕಪಕ್ಕ ಎರಡು ರಂಗಸ್ಥಳ, ಎರಡು ಮೇಳ, ಒಂದೇ ಪ್ರಸಂಗ. ಇಲ್ಲಿ ಒಬ್ಬ ಕೌರವ ಬಂದರೆ ಅಲ್ಲಿಯೂ ಒಬ್ಬ ಕೌರವ. ಎರಡು ಚೆಂಡೆ ಒಟ್ಟಿಗೆ ಬಡಿಯುತ್ತಿರುವಾಗ ಜನ ಯಾವ ಕಡೆ ಕತ್ತು ತಿರುಗಿಸುತ್ತಾರೋ ಆ ಕಡೆ ಗೆಲುವು. ತೀರ್ಪುಗಾರರಿಲ್ಲ, ಅಂಕಪಟ್ಟಿಯಿಲ್ಲ, ಆದರೂ ಬೆಳಗಾಗುವಷ್ಟರಲ್ಲಿ ಯಾರು ಸೋತರೆಂದು ಎಲ್ಲರಿಗೂ ಗೊತ್ತು.

ಮೇ 19ರ ಬೆಳಿಗ್ಗೆ ಅಪ್ಪ ಮೊಮ್ಮಗನನ್ನು ಕರೆದರು. "ಜೋಡಾಟಕ್ಕೆ ಎರಡೂ ರಂಗಸ್ಥಳ ಬೇಕಲಾ ತಮಾ. ಆ ಕೂಸು ಚೆನ್ನೈಗೆ ಹೋದ್ಮೇಲೆ ನೀ ಯಾರ ಮುಂದೆ ಹರಿವಾಣ ಬಡಿತ್ಯೋ?" ಹುಡುಗ ಉತ್ತರ ಕೊಡಲಿಲ್ಲ. ತಪ್ಪಾಯಿತೆಂದೂ ಹೇಳಲಿಲ್ಲ. ಹದಿನಾಲ್ಕರ ಹುಡುಗರು ಹೇಳುವುದಿಲ್ಲ.

ಮೇ 22, ಅಹಮದಾಬಾದ್. ಬೆಂಗಳೂರು ರಾಜಸ್ಥಾನಕ್ಕೆ ನಾಲ್ಕು ವಿಕೆಟ್‌ಗಳಿಂದ ಸೋತು ಮನೆಗೆ ಹೊರಟಿತು. ಹುಡುಗಿ ನಾಲ್ಕು ದಿನದಿಂದ ಕಾಯುತ್ತಿದ್ದಳು. ಹರಿವಾಣ ಮೊದಲೇ ಕಾಲಬುಡದಲ್ಲಿತ್ತು. ಒಂದೇ ಏಟು, ಜೋರಾಗಿ ಬಡಿದಳು. ಎರಡನೆಯದಕ್ಕೆ ಸೌಟು ಎತ್ತಿದವಳು ಅವನ ಮುಖ ನೋಡಿ ಹಾಗೇ ನಿಂತಳು. ಅವನು ಕಂಬಳಿ ಹೊದ್ದು ಗೋಡೆಗೆ ತಿರುಗಿದ್ದ, ಮೇ ತಿಂಗಳ ಸೆಕೆಯಲ್ಲಿ ಕಂಬಳಿ! ಸೌಟು ಕೆಳಗಿಟ್ಟು ಹೋಗಿ ಪಕ್ಕದಲ್ಲಿ ಕೂತಳು. ಇಬ್ಬರೂ ಮಾತಾಡಲಿಲ್ಲ. ಮರುದಿನ ಒಂದೇ ಚೀಲ ಹಿಡಿದು ಗೇರುಬೀಜ ಹೆಕ್ಕಲು ಹೋದರು.

ಕಾಗಾಲಕ್ಕೂ ಬೆಂಗಳೂರಿಗೂ ಏನು ನೆಂಟು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುತ್ತದೆ. ಆದರೆ ನಮ್ಮ ಕೇರಿಯಲ್ಲಿ ಮಗನೋ ಮಗಳೋ ಬೆಂಗಳೂರಿನಲ್ಲಿ ಇಲ್ಲದ ಮನೆ ಸಿಗುವುದು ಕಷ್ಟ. ಟಿವಿಯಲ್ಲಿ ಆ ಮೈದಾನದ ದೀಪ ಕಂಡಾಗ ಆಯಿ, ಕ್ರಿಕೆಟ್ ನೋಡದವಳು ಕೂಡ, ಒಮ್ಮೆ ಇಣುಕುತ್ತಾಳೆ. ಜನರ ನಡುವೆ ಮೊಮ್ಮಗಳು ಕಾಣಬಹುದು ಎಂಬ ಆಸೆ.

ಗೆಲ್ಲುವ ತಂಡವನ್ನು ಪ್ರೀತಿಸುವುದು ಸುಲಭ. ಬೆಂಗಳೂರನ್ನು ಪ್ರೀತಿಸಿದವರು ಹದಿನೇಳು ವರ್ಷ ಬೇರೆಯದೇ ಅಭ್ಯಾಸ ಮಾಡಿಕೊಂಡರು. 2008ರ ಏಪ್ರಿಲ್ 18ರಂದು ಐಪಿಎಲ್‌ನ ಮೊಟ್ಟಮೊದಲ ಪಂದ್ಯದಲ್ಲಿಯೇ ತವರಿನಲ್ಲಿ 82ಕ್ಕೆ ಆಲೌಟ್. 2009ರಲ್ಲಿ ಕುಂಬ್ಳೆ ಫೈನಲ್‌ನಲ್ಲಿ ನಾಲ್ಕು ವಿಕೆಟ್ ಕಿತ್ತರೂ ಆರು ಓಟದ ಸೋಲು. 2011ರ ಫೈನಲ್‌ನಲ್ಲಿ ಇದೇ ಚೆನ್ನೈಯ ಕೈಲಿ ಸೋಲು. 2016ರದ್ದು ನನ್ನ ಅಣ್ಣ ಈಗಲೂ ಎತ್ತಲು ಬಿಡುವುದಿಲ್ಲ. ಕೊಹ್ಲಿ ಆ ಸಲ 973 ಓಟ ಹೊಡೆದಿದ್ದರು, ಫೈನಲ್ ಬೆಂಗಳೂರಿನಲ್ಲೇ, ವಿಕೆಟ್ ಹೋಗದೆ 114 ಆಗಿತ್ತು, ಆದರೂ ಎಂಟು ಓಟದಿಂದ ಸೋಲು. 'ಈ ಸಲ ಕಪ್ ನಮ್ದೇ' ಎಂಬ ಮಾತು ಘೋಷಣೆಯಾಗಿ ಹುಟ್ಟಿ, ತಮಾಷೆಯಾಗಿ, ಆಮೇಲೆ ಹರಕೆಯಂತೆ ಆಯಿತು. ನಡುವೆ 2024ರ ಮಾರ್ಚ್ 17ರಂದು ಸ್ಮೃತಿ ಮಂಧಾನರ ಹೆಣ್ಣುಮಕ್ಕಳ ತಂಡ ದೆಹಲಿಯಲ್ಲಿ ಕಪ್ ಗೆದ್ದಿತು. ಫೈನಲ್‌ನಲ್ಲಿ ನಾಲ್ಕು ವಿಕೆಟ್ ಕಿತ್ತ ಶ್ರೇಯಾಂಕಾ ಪಾಟೀಲ್ ನಮ್ಮದೇ ರಾಜ್ಯದ ಹುಡುಗಿ. ಆ ದಿನ ಕೇರಿಯಲ್ಲಿ ಒಂದು ಪಟಾಕಿಯೂ ಹಾರಲಿಲ್ಲ. ಇದನ್ನು ನಾನು ಅಣ್ಣನಿಗೂ ಅವನ ಮಗನಿಗೂ ಆಗಾಗ ನೆನಪಿಸುತ್ತಿರುತ್ತೇನೆ, ಅವರು ವಿಷಯ ಬದಲಿಸುತ್ತಾರೆ.

ಅಭಿಮಾನದ ಲೆಕ್ಕ ತಪ್ಪುವುದು ನಮ್ಮವರೇ ಎದುರು ನಿಂತಾಗ. 2009ರಲ್ಲಿ ಬೆಂಗಳೂರಿಗಾಗಿ ಶತಕ ಹೊಡೆದ ಮನೀಶ್ ಪಾಂಡೆ 2014ರ ಫೈನಲ್‌ನಲ್ಲಿ ಅದೇ ಚಿನ್ನಸ್ವಾಮಿಯಲ್ಲಿ ಕೋಲ್ಕತ್ತಕ್ಕಾಗಿ 94 ಹೊಡೆದರು. 2025ರ ಏಪ್ರಿಲ್ 10ರಂದು ಕೆ.ಎಲ್. ರಾಹುಲ್ ದೆಹಲಿ ಪರವಾಗಿ ಅಲ್ಲಿ ಔಟಾಗದೆ 93 ಹೊಡೆದು ಬೆಂಗಳೂರನ್ನು ಸೋಲಿಸಿದರು. ಗೆಲುವಿನ ಸಿಕ್ಸರ್ ಆದಮೇಲೆ ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು, 'ಕಾಂತಾರ'ದ ಹಾಗೆ ಬ್ಯಾಟನ್ನು ಊರಿ, ಇದು ನನ್ನ ಜಾಗ ಎಂದು ತೋರಿಸಿದರು. ನಮ್ಮ ಹುಡುಗನಿಗೆ ಸಿಟ್ಟು ಬರಬೇಕೋ ಹೆಮ್ಮೆಯಾಗಬೇಕೋ ತಿಳಿಯಲಿಲ್ಲ. ಅಪ್ಪ ಮಾತ್ರ, "ಮೇಳ ಬದಲಿಸ್ದ, ಅಷ್ಟೇಯ. ವೇಷ ಅದೇ ಅಲ್ದಾ?" ಎಂದರು. ತಿರುಗಾಟ ಮುಗಿದ ಮೇಲೆ ಕಲಾವಿದರು ಮೇಳ ಬದಲಿಸುವುದನ್ನು ನೋಡುತ್ತಲೇ ಬಂದವರು ಅವರು.

2025ರಲ್ಲಿ ಚೆನ್ನೈ ಪಟ್ಟಿಯ ಕೊನೆಯ ಜಾಗಕ್ಕೆ ಇಳಿಯಿತು. ಫೈನಲ್‌ ಜೂನ್ 3ಕ್ಕೆ ಬಂತು. ಶಾಲೆ ಶುರುವಾಗಿ ಹುಡುಗಿ ಚೆನ್ನೈಗೆ ಹೋಗಿಯಾಗಿತ್ತು. ಬೆಂಗಳೂರಿನ ಎದುರು ಪಂಜಾಬ್. "ನಾ ಪಂಜಾಬ್" ಎಂದು ವಿಡಿಯೊ ಕಾಲ್‌ನಲ್ಲಿ ಕೂತಳು. ಪಂಜಾಬಿನ ಮೇಲೆ ಪ್ರೀತಿಯೇನಿಲ್ಲ, ಅವನ ಎದುರು ಕೂರುವುದಕ್ಕೆ ಒಂದು ತಂಡ ಬೇಕಿತ್ತು. ಬೆಂಗಳೂರು 190. ಹೊರಗೆ ಮಳೆ. ಕೃಣಾಲ್ ಪಾಂಡ್ಯ ನಾಲ್ಕು ಓವರಿಗೆ ಹದಿನೇಳೇ ಓಟ ಕೊಟ್ಟು ಎರಡು ವಿಕೆಟ್ ತೆಗೆದರು. ಕೊನೆಯ ಓವರಿಗೆ ಇಪ್ಪತ್ತೊಂಬತ್ತು ಬೇಕಿತ್ತು. ಶಶಾಂಕ್ ಸಿಂಗ್ ಸಿಕ್ಸರ್ ಮೇಲೆ ಸಿಕ್ಸರ್ ಹೊಡೆದರೂ ಆರು ಓಟ ಕಡಿಮೆ ಬಿತ್ತು. 2009ರಲ್ಲಿ ಕಳೆದುಕೊಂಡ ಅದೇ ಆರು ಎಂದು ಅಣ್ಣ ಬೆರಳು ಮಡಚಿ ತೋರಿಸಿದ. ಓವರ್ ಮುಗಿಯುವ ಮೊದಲೇ ಕೊಹ್ಲಿ ಮೈದಾನದಲ್ಲಿ ಅಳುತ್ತಿದ್ದರು, ಅಣ್ಣ ಜಗಲಿಯಲ್ಲಿ. ಮಗ ಹರಿವಾಣ ತರಲಿಲ್ಲ. ಫೋನಿನಲ್ಲಿ ಹುಡುಗಿಯೇ ಕೇಳಿದಳು, "ಏ ಆರ್‌ಸಿಬಿ, ಬಡಿಯೋದಿಲ್ವಾ?" ಕೊನೆಗೆ ಅವಳು ಚೆನ್ನೈಯಲ್ಲಿ ತಟ್ಟೆಯೊಂದನ್ನು ತಂದು ತಾನೇ ಬಡಿದಳು.

ಮರುದಿನ ಮಧ್ಯಾಹ್ನ ಅಣ್ಣನ ಮಗಳು ಬೆಂಗಳೂರಿನಿಂದ ಮೆಸೇಜು ಹಾಕಿದ್ದಳು, ಆಫೀಸಿನವರೆಲ್ಲ ಮೈದಾನದ ಕಡೆ ಹೊರಟಿದ್ದಾರೆ, ತಾನೂ ಹೋಗುತ್ತಿದ್ದೇನೆ ಎಂದು. ಸಂಜೆ ಟಿವಿಯಲ್ಲಿ ಚಿನ್ನಸ್ವಾಮಿಯ ಗೇಟುಗಳು, ರಾಶಿ ಬಿದ್ದ ಚಪ್ಪಲಿಗಳು. ಹನ್ನೊಂದು ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಹೆಚ್ಚಿನವರು ಚಿಕ್ಕ ವಯಸ್ಸಿನವರು. ಅವಳ ಫೋನು ಹೋಗುತ್ತಿರಲಿಲ್ಲ. ಅಣ್ಣ ಅಂಗಳದಲ್ಲಿ ಮಳೆಗೇ ನಿಂತು ಮತ್ತೆ ಮತ್ತೆ ಒತ್ತುತ್ತಿದ್ದ. ಹುಡುಗ ಟಿವಿಯ ಮುಂದೆ, ಆ ಗುಂಪಿನಲ್ಲಿ ಒಂದೊಂದು ಕೆಂಪು ಅಂಗಿಯನ್ನೂ ನೋಡುತ್ತಿದ್ದ. ಅಕ್ಕನಿಗೆ ಆ ಅಂಗಿ ಕೊಡಿಸಲು ಹಟ ಹಿಡಿದವನು ಅವನೇ.

ಆ ಎರಡು ಗಂಟೆಗಳಲ್ಲಿ ಮೊದಲು ಬಂದ ಫೋನು ಚೆನ್ನೈಯಿಂದ. "ಅಕ್ಕ ಸಿಕ್ಕಿದ್ಳಾ?" ಎಂದು ಕೇಳಿ ಹುಡುಗಿ ಫೋನು ಇಡಲಿಲ್ಲ. "ಲೈನ್ ಬಿಡು, ಅವಳು ಮಾಡ್ಬಹುದು" ಎಂದು ಹುಡುಗ ಹೇಳಿದರೆ ಕತ್ತರಿಸುವುದು, ಐದು ನಿಮಿಷಕ್ಕೆ ಮತ್ತೆ ಮಾಡುವುದು.

ರಾತ್ರಿ ಎಂಟರ ಹೊತ್ತಿಗೆ ಅಣ್ಣನ ಮಗಳ ದನಿ ಕೇಳಿತು. ಜನ ನೋಡಿ ಹೆದರಿ ಅರ್ಧದಲ್ಲೇ ತಿರುಗಿ ನಡೆದಿದ್ದಳು, ಫೋನಿನ ಚಾರ್ಜು ಮುಗಿದಿತ್ತು. ಆಯಿ ದೇವರ ಮುಂದೆ ದೀಪ ಹಚ್ಚಿದಳು. ನಮಗೆ ಮಗಳು ಸಿಕ್ಕಳು. ಹನ್ನೊಂದು ಮನೆಗಳಲ್ಲಿ ಆ ರಾತ್ರಿ ಹೇಗಿದ್ದಿರಬಹುದು ಎಂಬ ಮಾತನ್ನು ನಮ್ಮ ಜಗಲಿಯಲ್ಲಿ ಯಾರೂ ಆಡಲಿಲ್ಲ, ಆದರೆ ಯಾರಿಗೂ ಊಟ ಸೇರಲಿಲ್ಲ.

ಹುಡುಗನ ಕೆಂಪು ಅಂಗಿ ಹಿಂದಿನ ರಾತ್ರಿಯ ಮಳೆಗೆ ನೆನೆದಿತ್ತು. ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಹತ್ತು-ಹದಿನೈದು ದಿನ ಹಾಗೇ ನೇತಾಡುತ್ತಿತ್ತು. ಒಣಗಿದ್ದರೂ ಅವನು ತೆಗೆಯಲಿಲ್ಲ, ನಾವೂ ಕೇಳಲಿಲ್ಲ. ಹೊಗೆ ಹಿಡಿದು ಬಣ್ಣ ಸ್ವಲ್ಪ ಮಾಸಿತು. ಒಂದು ಭಾನುವಾರ ಚೆನ್ನೈಯಿಂದ ಫೋನು ಬಂದಾಗ ಅದನ್ನು ತಾನೇ ತೆಗೆದು ಮಡಚುತ್ತ, ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಮಾತಾಡುತ್ತಿದ್ದ.

"ಮುಂದಿನ ಮೇಗೆ ಬರ್ತೆ ಅಲ್ದಾ? ಹಳದಿ ಅಂಗಿ ತಕಂಡೇ ಬಾ. ಹರಿವಾಣ ಆಯಿ ಅಟ್ಟಕ್ಕೆ ಹಾಕ್ಬಿಟ್ಟದೆ, ನಾ ಇಳಿಸಿಡ್ತೆ."