ಕೊನೆಗೂ ಕಡಲಿಗೆ ಇಳಿದೆ

ನಮ್ಮ ಮನೆ ಹೊನ್ನಾವರದ ಹತ್ತಿರ. ಅಂಗಳದಲ್ಲಿ ನಿಂತರೆ ಅಲೆಯ ಸದ್ದು ಕೇಳುತ್ತದೆ. ಹಾಗಿದ್ದೂ ನನಗೆ ಈಜು ಬರುವುದಿಲ್ಲ ಅಂದರೆ ಯಾರೂ ನಂಬುವುದಿಲ್ಲ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನನ್ನ ಜೊತೆ ಎಂ.ಎಸ್. ಓದುತ್ತಿರುವ ರೂಮ್‌ಮೇಟ್ ಧಾರವಾಡದವಳು. ಸಮುದ್ರವನ್ನು ಮೊದಲು ನೋಡಿದ್ದೇ ಹೈಸ್ಕೂಲ್ ಟೂರಿನಲ್ಲಂತೆ. ಆದರೆ ಯೂನಿವರ್ಸಿಟಿಯ ಈಜುಕೊಳಕ್ಕೆ ಇಳಿದರೆ ಸಾಕ್ಷಾತ್ ಮೀನು. "ದಂಡಿ ಮ್ಯಾಲೆ ಹುಟ್ಟಿ ಈಜಾಕ ಬರಂಗಿಲ್ಲ ಅಂತೀಯಲ್ಲ, ನಾಚಿಕಿ ಆಗಂಗಿಲ್ಲೇನ ನಿನಗ?" ಎಂದು ಅವಳು ಛೇಡಿಸಿದಾಗಲೆಲ್ಲ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಕಾರಣ ಮಾತ್ರ ಹೇಳಿರಲಿಲ್ಲ.

ಕಾರಣ ನನ್ನ ಚಿಕ್ಕಪ್ಪ. ನಾನಾಗ ಆರನೇ ಕ್ಲಾಸು. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು, ಆಗಸ್ಟ್ ಮೊದಲ ವಾರ ಬೋಟುಗಳೆಲ್ಲ ಕಡಲಿಗಿಳಿದಿದ್ದವು. ಚಿಕ್ಕಪ್ಪ ಹೋದ ಬೋಟು ಮಗುಚಿತು. ಜೊತೆಗಿದ್ದವರು ಬೇರೆ ಬೋಟಿನವರ ಕೈಗೆ ಸಿಕ್ಕು ಬದುಕಿದರು. ಚಿಕ್ಕಪ್ಪ ಸಿಗಲಿಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ. ಎಷ್ಟೋ ತಿಂಗಳು ಚಿಕ್ಕಮ್ಮ ಕಡಲ ಕಡೆಗಿನ ಬಾಗಿಲನ್ನು ರಾತ್ರಿ ಹಾಕಲು ಬಿಡುತ್ತಿರಲಿಲ್ಲ. ಅಂದಿನಿಂದ ನಮ್ಮ ಮನೆಯ ಮಕ್ಕಳಿಗೆ ಕಡಲೆಂದರೆ ಪಾದ ಮುಳುಗುವಷ್ಟು ಮಾತ್ರ. ಅದರಲ್ಲೂ ಅಮ್ಮನದೊಂದು ಕಟ್ಟಪ್ಪಣೆ: "ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಬೇಡಿ."

ಇಂಥವಳು ಕಳೆದ ಆಗಸ್ಟ್‌ನಲ್ಲಿ ಹವಾಯಿಯ ಕೌವಾಯಿ ದ್ವೀಪಕ್ಕೆ ಹೋಗಿ ರಬ್ಬರ್ ದೋಣಿ ಹತ್ತಿದೆ. ಲೈಬ್ರರಿಯಲ್ಲಿ ಪುಸ್ತಕ ಜೋಡಿಸಿ ಉಳಿಸಿದ ದುಡ್ಡಿನಲ್ಲಿ ನಾಲ್ವರು ಹುಡುಗಿಯರು ಮಾಡಿದ ಪ್ರವಾಸ ಅದು. ಅಮ್ಮನಿಗೆ ಫೋನಿನಲ್ಲಿ ಹೇಳಿದ್ದು ಅರ್ಧ ಸತ್ಯ: "ದೋಣಿಯಲ್ಲಿ ಕೂತು ಗುಡ್ಡ ನೋಡಿ ಬರೋದಮ್ಮ, ಅಷ್ಟೇ."

ಆ ಗುಡ್ಡಗಳಿಗೆ ನಾ ಪಾಲಿ ಎಂದು ಹೆಸರು. ಹವಾಯಿ ಭಾಷೆಯಲ್ಲಿ ಕಡಿದಾದ ಬಂಡೆಗೋಡೆಗಳು ಎಂದೇ ಅರ್ಥ. ದ್ವೀಪದ ವಾಯವ್ಯ ಅಂಚಿನಲ್ಲಿ ಸುಮಾರು 27 ಕಿಲೋಮೀಟರ್ ಉದ್ದಕ್ಕೆ ಬೆಟ್ಟಗಳು ನೇರ ನೀರಿಗೆ ಬಿದ್ದಂತೆ ನಿಂತಿವೆ. ಕೆಲವು ಕಡೆ ಎತ್ತರ ಹತ್ತಿರ ಹತ್ತಿರ 1,200 ಮೀಟರ್. ದ್ವೀಪದ ಸುತ್ತ ಹಾಕಿದ ರಸ್ತೆ ಇಲ್ಲಿಗೆ ಬಂದು ಸೋತು ನಿಂತಿದೆ. ಆಚೆ ತುದಿಯಿಂದ ಈಚೆ ತುದಿಗೆ ವಾಹನ ಹೋಗುವಂತಿಲ್ಲ. ನಡೆಯಬೇಕು, ಹೆಲಿಕಾಪ್ಟರ್ ಹತ್ತಬೇಕು, ಇಲ್ಲವೇ ದೋಣಿ. ಚಳಿಗಾಲದಲ್ಲಿ ಉತ್ತರದಿಂದ ದೈತ್ಯ ಅಲೆಗಳು ಬರುವುದರಿಂದ ದೋಣಿಗೂ ಬೇಸಿಗೆಯೇ ಸರಿಯಾದ ಕಾಲ.

ರಾಫ್ಟ್ ಅಂದಕೂಡಲೇ ನಿಮಗೆ ದಾಂಡೇಲಿಯ ಕಾಳಿ ನದಿಯಲ್ಲಿ ಹುಟ್ಟು ಹಾಕುತ್ತಾ ಹೋಗುವ ದೋಣಿ ನೆನಪಾಗಬಹುದು. ಇದು ಹಾಗಲ್ಲ. ತಳ ಗಟ್ಟಿ, ಸುತ್ತಲೂ ಗಾಳಿ ತುಂಬಿದ ದಪ್ಪ ಟ್ಯೂಬು, ಹಿಂದೆ ಎಂಜಿನ್. ಟ್ಯೂಬಿನ ಮೇಲೆ ಕೂತು ಹಗ್ಗ ಹಿಡಿದುಕೊಂಡರೆ ಮುಗಿಯಿತು, ಅದೇ ಸೀಟು. ಬೆನ್ನುನೋವಿದ್ದವರಿಗೆ, ಗರ್ಭಿಣಿಯರಿಗೆ ಬೇಡವೆಂದು ಮೊದಲೇ ಹೇಳಿಬಿಡುತ್ತಾರೆ. ಯಾಕೆಂದು ಹತ್ತು ನಿಮಿಷದಲ್ಲಿ ಗೊತ್ತಾಯಿತು. ಹೋಗುವಾಗ ಗಾಳಿ ಎದುರಿಗೆ. ಪ್ರತಿ ಅಲೆಗೂ ದೋಣಿ ಹಾರಿ ಬೀಳುತ್ತಿತ್ತು. ಘಟ್ಟದ ರಸ್ತೆಯಲ್ಲಿ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತವರಿಗೆ ಈ ಸುಖದ ಅಂದಾಜು ಇರುತ್ತದೆ. ಅದಕ್ಕೆ ಮುಖದ ಮೇಲೆ ಬಕೆಟ್‌ಗಟ್ಟಲೆ ಉಪ್ಪುನೀರು ಸೇರಿಸಿಕೊಳ್ಳಿ. ಧಾರವಾಡದವಳು ವಾಂತಿ ಮಾಡಿಕೊಂಡಳು. ನನಗೇನೂ ಆಗಲಿಲ್ಲ. ಕಡಲೂರಿನ ಮರ್ಯಾದೆ ಅಷ್ಟಾದರೂ ಉಳಿಯಿತು.

ಹೊರಡುವ ಮುನ್ನ ಕ್ಯಾಪ್ಟನ್ ಎಲ್ಲರನ್ನೂ ನಿಲ್ಲಿಸಿ ಸುರಕ್ಷತೆಯ ಪಾಠ ಮಾಡಿದ್ದ. ಅದರಲ್ಲೊಂದು ಮಾತು ಕೇಳಿ ನಾನು ಬೆಚ್ಚಿದೆ. ಸಮುದ್ರಕ್ಕೆ ಎಂದೂ ಬೆನ್ನು ಹಾಕಬೇಡಿ! ಹವಾಯಿಯಲ್ಲಿ ದಡಕ್ಕೆ ಹೋಗುವ ಎಲ್ಲರಿಗೂ ಹೇಳುವ ಬುದ್ಧಿಮಾತು ಅದು. ಎಲ್ಲಿಯ ಹೊನ್ನಾವರ, ಎಲ್ಲಿಯ ಕೌವಾಯಿ. ಅಮ್ಮ ನನ್ನ ಹಿಂದೆಯೇ ವಿಮಾನ ಹತ್ತಿ ಬಂದಿದ್ದಾಳೆ ಅನ್ನಿಸಿತು.

ದ್ವೀಪದ ಪಶ್ಚಿಮದ ಚಿಕ್ಕ ಬಂದರಿನಿಂದ ಹೊರಟರೆ ಮೊದಲು ಸಿಗುವುದು ಪೊಲಿಹಾಲೆ ಎಂಬ ಉದ್ದನೆಯ ಮರಳ ದಂಡೆ. ಅಲ್ಲಿಂದಾಚೆ ಬಂಡೆಗೋಡೆ ಶುರು. ಸತ್ತವರ ಆತ್ಮಗಳು ಈ ಜಾಗಕ್ಕೆ ಬಂದು, ಇಲ್ಲಿಂದಲೇ ಕಡಲಿಗೆ ಹಾರಿ ಪರಲೋಕಕ್ಕೆ ಹೋಗುತ್ತವೆ ಎಂಬುದು ಹವಾಯಿಯ ಮೂಲನಿವಾಸಿಗಳ ನಂಬಿಕೆಯಂತೆ. ಕ್ಯಾಪ್ಟನ್ ಇದನ್ನು ಹೇಳುವಾಗ ಎಂಜಿನ್ ನಿಧಾನ ಮಾಡಿದ. ಉಳಿದವರು ಫೋಟೊ ತೆಗೆದರು. ನಾನು ಹಗ್ಗವನ್ನು ಇನ್ನಷ್ಟು ಬಿಗಿ ಹಿಡಿದೆ.

ಮುಂದಿನ ಒಂದು ಗಂಟೆಯನ್ನು ಹೇಗೆ ಹೇಳಲಿ? ಕೆಂಪು, ಕಪ್ಪು, ಹಸಿರು ಬಣ್ಣದ ಗೋಡೆಗಳು ಸೀರೆಯ ನೆರಿಗೆಯಂತೆ ಒಂದರ ಹಿಂದೊಂದು. ಕೌವಾಯಿ ಸುಮಾರು 50 ಲಕ್ಷ ವರ್ಷ ಹಳೆಯ ಜ್ವಾಲಾಮುಖಿ ದ್ವೀಪ. ಅಷ್ಟು ವರ್ಷ ಮಳೆ ಮೇಲಿನಿಂದ ಕೊರೆದಿದೆ, ಅಲೆ ಕೆಳಗಿನಿಂದ ಕಚ್ಚಿದೆ. ದ್ವೀಪದ ನಡುವಿನ ವಾಯಲೆಯಾಲೆ ಶಿಖರದಲ್ಲಿ ವರ್ಷಕ್ಕೆ 9,000 ಮಿಲಿಮೀಟರಿಗೂ ಹೆಚ್ಚು ಮಳೆಯಂತೆ. ಆಗುಂಬೆಯವರು ಬೇಸರಿಸಿಕೊಳ್ಳಬಾರದು. ಕ್ಯಾಪ್ಟನ್ ದೋಣಿಯನ್ನು ನಿಧಾನವಾಗಿ ಸಮುದ್ರದ ಗುಹೆಗಳೊಳಗೆ ನುಗ್ಗಿಸಿದ. ಒಂದರ ಚಾವಣಿಯೇ ಕುಸಿದು ಹೋಗಿ, ಬಾವಿಯೊಳಗಿಂದ ಆಕಾಶ ನೋಡಿದ ಹಾಗೆ. ಇನ್ನೊಂದರಲ್ಲಿ ಚಾವಣಿಯ ತೂತಿನಿಂದ ಜಲಪಾತ ಬಂದು ನಮ್ಮ ಪಕ್ಕದಲ್ಲೇ ಬೀಳುತ್ತಿತ್ತು. ಡಾಲ್ಫಿನ್‌ಗಳ ಗುಂಪೊಂದು ದೂರದಲ್ಲಿ ಗಿರಗಿರ ತಿರುಗುತ್ತಾ ಹಾರಿತು. 2021ರಿಂದ ಇವುಗಳ ಹತ್ತಿರ 45 ಮೀಟರ್ ಒಳಗೆ ಹೋಗುವಂತಿಲ್ಲ ಎಂಬ ನಿಯಮ ಇದೆ. ಯಾರೋ ಇನ್ನೂ ಹತ್ತಿರ ಹೋಗೋಣ ಎಂದಾಗ ಕ್ಯಾಪ್ಟನ್ ಒಪ್ಪಲಿಲ್ಲ. ನನಗೆ ಅವನ ಮೇಲೆ ಗೌರವ ಮೂಡಿದ್ದು ಆಗ.

ಕಲಲಾವ್ ಕಣಿವೆಯ ಎದುರು ಅವನು ಒಂದು ಕಥೆ ಹೇಳಿದ. ಕೂಲಾವ್ ಎಂಬವನು ಈ ದ್ವೀಪದ ದನಗಾಹಿ. ಅವನಿಗೆ ಕುಷ್ಠರೋಗ ತಗುಲಿತು. ಆಗಿನ ಕಾನೂನಿನಂತೆ ರೋಗಿಗಳನ್ನು ಮೊಲೊಕಾಯಿ ದ್ವೀಪಕ್ಕೆ ಗಡೀಪಾರು ಮಾಡುತ್ತಿದ್ದರು. ಹೆಂಡತಿ ಪಿಲಾನಿಯನ್ನು ಬಿಟ್ಟು ಹೋಗಲಾರೆ ಎಂದು ಅವನು ಹೆಂಡತಿ, ಮಗನ ಜೊತೆ ಈ ಕಣಿವೆಗೆ ಬಂದು ಅಡಗಿದ. 1893ರಲ್ಲಿ ಅವನನ್ನು ಹಿಡಿಯಲು ಸೈನಿಕರೇ ಬಂದರು, ತೋಪು ತಂದರು. ಸಿಗಲಿಲ್ಲ. ಕೊನೆಗೆ ಮಗ ಸತ್ತ, ಆಮೇಲೆ ಅವನೂ ಸತ್ತ. ಇಬ್ಬರನ್ನೂ ಮಣ್ಣು ಮಾಡಿ ಪಿಲಾನಿ ಒಬ್ಬಳೇ ಬೆಟ್ಟ ಹತ್ತಿ ಊರಿಗೆ ಬಂದಳು. ದೋಣಿಯಲ್ಲಿದ್ದವರೆಲ್ಲ ಲೊಚಗುಟ್ಟಿದರು. ನನ್ನ ತಲೆಗೆ ಮಾತ್ರ ಬೇರೆಯೇ ಯೋಚನೆ ಬಂತು. ಅವಳಿಗೆ ಮಣ್ಣು ಮಾಡಲಿಕ್ಕಾದರೂ ಸಿಕ್ಕರಲ್ಲ.

ರೂಮ್‌ಮೇಟ್ ನನ್ನ ಮುಖ ನೋಡಿ "ಏನಾತಲೇ?" ಅಂದಳು. ಎಂಜಿನ್ ಸದ್ದಿನ ನಡುವೆ, ಅವಳ ಕಿವಿಗೆ ಬಾಯಿಟ್ಟು, ಚಿಕ್ಕಪ್ಪನ ವಿಷಯ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಈಜು ಬರಲ್ಲ ಎಂದು ಆಮೇಲೆ ಒಮ್ಮೆಯೂ ರೇಗಿಸಿಲ್ಲ.

ವಾಪಸು ಬರುವಾಗ ನುವಾಲೊಲೊ ಕೈ ಎಂಬಲ್ಲಿ ದೋಣಿ ನಿಂತಿತು. ಕೈ ಎಂದರೆ ಅವರ ಭಾಷೆಯಲ್ಲಿ ಸಮುದ್ರ. ಬೆಟ್ಟದ ಬುಡದಲ್ಲಿ ಸಣ್ಣ ದಂಡೆ, ಮುಂದೆ ಹವಳದ ದಿಬ್ಬ ಅಡ್ಡಗಟ್ಟಿ ಒಳಗಿನ ನೀರನ್ನು ಕೆರೆಯಂತೆ ಮಾಡಿದೆ. ನೂರಾರು ವರ್ಷ ಇಲ್ಲಿ ಜನ ಬದುಕಿದ್ದರು. ಮನೆಗಳ ಕಲ್ಲಿನ ಜಗಲಿಗಳು ಈಗಲೂ ಇವೆ. ಇಲ್ಲಿಯವರು ಮೀನು ಹಿಡಿಯುತ್ತಿದ್ದರು, ಪಕ್ಕದ ಕಣಿವೆಯವರು ಕೆಸು ಬೆಳೆಯುತ್ತಿದ್ದರು, ಬಂಡೆಗೆ ಹಾಕಿದ ಏಣಿಯಲ್ಲಿ ಹತ್ತಿಳಿದು ಹಂಚಿಕೊಳ್ಳುತ್ತಿದ್ದರು. ಹೌದು, ನಾವು ಪತ್ರೊಡೆ ಮಾಡುವ ಅದೇ ಕೆಸು. ಇವರು ಗಡ್ಡೆಯನ್ನು ಬೇಯಿಸಿ ಜಜ್ಜಿ ತಿನ್ನುತ್ತಾರೆ.

ಸ್ನಾರ್ಕೆಲಿಂಗ್ ಶುರುವಾಗುವುದು ಇಲ್ಲೇ. ಅದಕ್ಕೆ ನಾನು ನಡೆಸಿದ ತಯಾರಿ ಕೇಳಿದರೆ ನಗುತ್ತೀರಿ. ಎರಡು ವಾರ ಬಾತ್‌ರೂಮಿನ ಬಕೆಟ್‌ಗೆ ಮುಖ ಅದ್ದಿ, ಬಾಯಲ್ಲಿ ಕೊಳವೆ ಕಚ್ಚಿ ಉಸಿರಾಡುವುದನ್ನು ಕಲಿತಿದ್ದೆ. ಬುಕಿಂಗ್ ಫಾರ್ಮಿನಲ್ಲಿ ಈಜು ಬರುವುದಿಲ್ಲ ಎಂದು ಸತ್ಯವನ್ನೇ ಬರೆದಿದ್ದೆ. ಹಾಗಾಗಿ ನನಗೆ ತೇಲುವ ಜಾಕೆಟ್ ಹಾಕಿಸಿ, ಸಿಬ್ಬಂದಿಯ ಒಬ್ಬ ಹುಡುಗಿಯನ್ನು ಪಕ್ಕಕ್ಕೆ ಕೊಟ್ಟರು. ಸನ್‌ಸ್ಕ್ರೀನ್ ಯಾವುದು ಎಂದೂ ಕೇಳಿದರು. ಹವಳಕ್ಕೆ ಕೇಡು ಮಾಡುವ ಎರಡು ರಾಸಾಯನಿಕಗಳಿರುವ ಕ್ರೀಮುಗಳ ಮಾರಾಟವನ್ನು ಹವಾಯಿ 2021ರಿಂದ ನಿಲ್ಲಿಸಿದೆ.

ಬಕೆಟ್ ಬೇರೆ, ಕಡಲು ಬೇರೆ. ಮೊದಲ ಸಲ ಮುಖ ಅದ್ದಿದ ಕೂಡಲೇ ಉಸಿರು ಮೂಗಿನಲ್ಲಿ ಎಳೆಯಲು ಹೋಗಿ, ಗಾಬರಿಯಲ್ಲಿ ಕೊಳವೆಯೊಳಗೆ ನೀರು ನುಗ್ಗಿ, ಗಂಟಲೆಲ್ಲ ಉಪ್ಪು. ಕೆಮ್ಮುತ್ತಾ ಆ ಹುಡುಗಿಯ ಕುತ್ತಿಗೆಗೇ ಜೋತುಬಿದ್ದೆ. ನೆಲ ಕಾಲಿಗೆ ಸಿಗುತ್ತಿರಲಿಲ್ಲ. ಆ ಕ್ಷಣ ಕಣ್ಣೆದುರು ಬಂದದ್ದು ಚಿಕ್ಕಪ್ಪ. ಅವರಿಗೂ ಹೀಗೇ ಆಗಿತ್ತೇ? ಹೀಗೇ ಉಪ್ಪು, ಹೀಗೇ ಕೆಮ್ಮು? "ದೋಣಿಗೆ, ದೋಣಿಗೆ" ಎಂದು ಕನ್ನಡದಲ್ಲೇ ಕಿರುಚಿದೆನಂತೆ. ಕರೆದುಕೊಂಡು ಹೋದರು.

ದೋಣಿಯ ಟ್ಯೂಬಿಗೆ ಒರಗಿ ಐದು ನಿಮಿಷ ತೇಲುತ್ತಾ ನಿಂತೆ. ಮೇಲೆ ಹತ್ತಿಬಿಡಬಹುದಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ. ರೂಮ್‌ಮೇಟ್ ಈಜಿ ಬಂದು "ನಾ ಅದೀನಿ, ಕೈ ಹಿಡಿ. ಬ್ಯಾಡಾದ್ರ ಬಿಡು" ಅಂದಳು. ಅವಳ "ಬ್ಯಾಡಾದ್ರ ಬಿಡು" ನನ್ನನ್ನು ಹಿಡಿದು ನಿಲ್ಲಿಸಿತು. ಇಷ್ಟು ವರ್ಷ ನಾನು ಮಾಡಿದ್ದು ಅದನ್ನೇ ಅಲ್ಲವೇ? ಇನ್ನೊಮ್ಮೆ ಮುಖ ಅದ್ದಿದೆ.

ಸದ್ದೆಲ್ಲ ನಿಂತುಹೋಯಿತು. ನನ್ನ ಉಸಿರು ಮಾತ್ರ, ಅಜ್ಜ ಮಲಗಿದಾಗ ಬರುತ್ತಿದ್ದ ಸದ್ದಿನ ಹಾಗೆ. ಆಮೇಲೆ ಇನ್ನೊಂದು ಸದ್ದು ಕೇಳಿಸಿತು, ಕಟಕಟ ಕಟಕಟ, ಪಕ್ಕದ ಕೋಣೆಯಲ್ಲಿ ಯಾರೋ ಚಕ್ಕುಲಿ ತಿನ್ನುತ್ತಿರುವಂತೆ. ನೋಡಿದರೆ ಗಿಳಿಮೀನು. ಗಿಳಿಯಂಥದ್ದೇ ಕೊಕ್ಕಿನಲ್ಲಿ ಹವಳದ ಕಲ್ಲನ್ನು ಕೆರೆದು ತಿನ್ನುತ್ತಿದೆ. ಅದು ತಿಂದು ಹೊರಹಾಕಿದ್ದೇ ಇಲ್ಲಿಯ ಬಿಳಿ ಮರಳಿನ ಒಂದು ಪಾಲು ಎಂದು ಆಮೇಲೆ ತಿಳಿಯಿತು. ಹಳದಿ ಮೀನುಗಳ ಹಿಂಡು, ಕಪ್ಪು ಪಟ್ಟೆಯವು, ಮತ್ತೆ ಹವಾಯಿ ರಾಜ್ಯದ ಮೀನು. ಅದರ ಹೆಸರು ಹುಮುಹುಮುನುಕುನುಕುಆಪುಆಆ, ನಾನು ತಮಾಷೆ ಮಾಡುತ್ತಿಲ್ಲ.

ನಾನು ಹುಟ್ಟಿದಾಗಿನಿಂದ ಮೀನು ನೋಡುತ್ತಿದ್ದೇನೆ. ಬಂಗಡೆ, ತಾರ್ಲೆ, ಎಲ್ಲ ಬುಟ್ಟಿಯಲ್ಲಿ, ಕಣ್ಣು ತೆರೆದುಕೊಂಡು ಸುಮ್ಮನೆ ಮಲಗಿದವು. ಮೀನೊಂದು ನನ್ನನ್ನು ತಿರುಗಿ ನೋಡಿ, ಬೇಡವೆನಿಸಿ, ತನ್ನ ಕೆಲಸಕ್ಕೆ ಹೋಗಿದ್ದು ಇದೇ ಮೊದಲು. ಕೆಳಗಿನಿಂದ ಒಂದು ಕಡಲಾಮೆ ಎದ್ದು ಬಂತು. ಮೂರು ಮೀಟರ್ ದೂರ ಇರಬೇಕು ಎಂದು ಹೇಳಿಕೊಟ್ಟಿದ್ದರು, ಹಿಂದೆ ಸರಿದೆ. ಅದು ನನ್ನ ಪಕ್ಕದಲ್ಲೇ ತಲೆ ನೀರಿನಿಂದ ಮೇಲೆತ್ತಿ, ಬುಸ್ ಎಂದು ಉಸಿರು ತೆಗೆದುಕೊಂಡು ಮತ್ತೆ ಇಳಿದುಹೋಯಿತು. ಅಲ್ಲಿಯೇ ಬೆಳೆದದ್ದಕ್ಕೂ ಉಸಿರಿಗೆ ಮೇಲೆ ಬರಲೇಬೇಕು. ಮಾಸ್ಕಿನೊಳಗೆ ನೀರು ತುಂಬಿತು. ಸಮುದ್ರದ್ದಲ್ಲ.

ಸಂಜೆ ಆರಕ್ಕೆ ಫೋನ್ ಮಾಡಿದೆ. ಊರಿನಲ್ಲಿ ಮಾರನೆಯ ಬೆಳಿಗ್ಗೆ ಒಂಬತ್ತೂವರೆ. ಗುಡ್ಡ ನೋಡಿದ್ದನ್ನಷ್ಟೇ ಹೇಳಬೇಕೆಂದಿದ್ದೆ. ಆದರೆ ಅಮ್ಮ ಎರಡೇ ಮಾತಿಗೆ "ನೀರಿಗೆ ಇಳಿದ್ಯಾ?" ಅಂದಳು. ಹೂಂ ಅಂದೆ. ಬೈಗುಳ ಬರಲಿಲ್ಲ. ಆ ಕಡೆ ಏನೋ ಸರಿದಾಡಿದ ಸದ್ದಾಯಿತು. ಫೋನ್ ಚಿಕ್ಕಮ್ಮನ ಕೈಗೆ ಹೋಗಿತ್ತು.

"ತಂಗೀ, ಒಳಗೆ ತುಂಬಾ ಕತ್ತಲೆ ಇರ್ತದೇನೇ?"

ನಾನಿದ್ದದ್ದು ಎರಡಾಳು ಆಳದ, ಬಿಸಿಲು ತಳ ಮುಟ್ಟುವ ನೀರು. ಅಷ್ಟೆಲ್ಲ ಬಿಡಿಸಿ ಹೇಳಲಿಲ್ಲ. "ಇಲ್ಲ ಚಿಕ್ಕಮ್ಮ. ಬೆಳಕಿತ್ತು. ತುಂಬಾ ಮೀನಿದ್ದವು" ಅಂದೆ.

ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ತಲೆಗೆ ಸಿಹಿನೀರು ಹಾಕ್ಕೊಂಡ್ಯಾ? ಉಪ್ಪು ಹಾಗೇ ಉಳಿದರೆ ಕೂದಲು ಉದುರ್ತದೆ" ಅಂದರು.